ಡಿಪ್ಪರ್ ಹೊಡೆಯುವ ಉಪಕಾರ

ಕಮಲಾಪುರ. ಹೆದ್ದಾರಿಯಿಂದ ಒಂದು ಓಣಿ ಒಳಗಿರುವ ಮನೆಯ ಕಟ್ಟೆ, ಭಾನುವಾರದ ಇಳಿಸಂಜೆ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು ಒಬ್ಬರು. ಕಲಬುರಗಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಅವರ ಅಣ್ಣನ ಮಗಳು ಇನ್ನೊಬ್ಬಳು. ನಡುವೆ ಚಹಾದ ಎರಡು ಕಪ್ಪು, ತೋಟದಿಂದ ಬಂದ ಕೆಂಪು ಬಾಳೆಯ ಒಂದು ಚಿಪ್ಪು. ಲಾರಿಗಳ ಸದ್ದು ಮಾತಿನ ಮಧ್ಯೆ ಬಂದುಹೋಗುತ್ತದೆ.

ಕಾಕಾ: ಮೊನ್ನಿ ರಾತ್ರಿ ನನಗೂ ಊದಿಸಿದ್ರವ್ವಾ ಪೊಲೀಸ್ರು.

ಮಗಳು: ನಿಮಗಾ? ಎಲ್ಲಿ ಕಾಕಾ?

ಕಾಕಾ: ಮಹಾಗಾಂವ ಕ್ರಾಸ್ ಹತ್ರ. ಕಲಬುರಗಿಯಾಗ ಮದುವಿ ಊಟ ಮುಗಿಸ್ಕೊಂಡು ಸ್ಕೂಟಿ ಮ್ಯಾಲ ಬರಲಾಕತ್ತಿದ್ದೆ. ನನ್ನ ಮಗನ ವಯಸ್ಸಿನ ಹುಡುಗ, ಟಾರ್ಚ್ ಬೀಸಿ ನಿಂದ್ರಿಸಿದ. ಕೈಯಾಗ ಟಿವಿ ರಿಮೋಟಿಗಿಂತ ಸ್ವಲ್ಪ ದಪ್ಪ ಮಶೀನು. ಚೀಟಿ ಹರದು ಹೊಸಾ ಕೊಳವಿ ತೆಗದು ಹಚ್ಚಿದ. 'ಊದ್ರಿ ಅಜ್ಜಾರ, ನಿಂದ್ರಸಬ್ಯಾಡ್ರಿ, ಊದ್ರಿ, ಊದ್ರಿ' ಅಂದ. ಪೀಂ ಅಂತು. ಸೊನ್ನಿ ಬಂತು. ಜನ್ಮದಾಗ ಒಂದು ಹನಿ ಮುಟ್ಟಿಲ್ಲ ನಾ. ಆದ್ರೂ ಆ ಸೊನ್ನಿ ಕಾಣೋ ತನಕ ಎದಿ ಡವಡವ ಅಂತಿತ್ತು ನೋಡು.

ಮಗಳು: ಆ ಡವಡವನೇ ಬೇಕಾಗಿರೋದು. ಕುಡಿಯೋರಿಗಿ ಅದು ಮಶೀನ್ ಮುಂದ ಅಲ್ಲ, ಧಾಬಾದಾಗ ಗ್ಲಾಸ್ ಎತ್ತೋ ಮೊದಲೇ ಆಗಬೇಕು.

ಕಾಕಾ: ಎಲ್ಲಿ ಆಗ್ತದವ್ವಾ? ನಾ ಊದೂದ್ರಾಗ ನನ್ನ ಹಿಂದ ಬರ್ತಿದ್ದ ಎರಡು ಮೋಟರ್ ಸೈಕಲ್ ಲೈಟ್ ಆರಿಸಿ ತಿರುಗಿ ಹೊಲದ ದಾರಿ ಹಿಡದ್ವು. ಲೈಟ್ ಆರಿಸಿ, ಕೇಳಿಸ್ತಾ? ಸಡಕಿನ ಮ್ಯಾಲ ಬೀಳೋದು ಹೋಗಿ ಬಾವ್ಯಾಗ ಬೀಳ್ಲಿಕ್ಕಿ ಹೋದ್ರು. ಫೋನ್ ಬಂದ ಮ್ಯಾಲಂತೂ ಎಲ್ಲಿ ಚೆಕಿಂಗ್ ನಡದದ ಅಂತ ಎಲ್ಲಾರಿಗೂ ಗೊತ್ತು. ಮೊದಲು ಫೋನ್ ಇರಲಿಲ್ಲ, ಡಿಪ್ಪರ್ ಇತ್ತು.

ಮಗಳು: ಡಿಪ್ಪರ್ ಅಂದ್ರ?

ಕಾಕಾ: ಎದುರು ಬರೋ ಗಾಡಿಗಿ ಎರಡು ಸಲ ಹೆಡ್‌ಲೈಟ್ ಮಿಣಕಿಸೋದು. 'ಮುಂದ ಪೊಲೀಸ್ರು ನಿಂತಾರ, ಹುಷಾರ್' ಅಂತ. ಮೂವತ್ತು ವರ್ಷ ನಾನೂ ಹೊಡದೀನಿ. ಲಾರಿಯವ, ಟೆಂಪೋದವ, ಯಾರೇ ಇರ್ಲಿ. ರಸ್ತಿ ಮ್ಯಾಲಿನ ಮಂದಿ ಒಬ್ಬರಿಗೊಬ್ಬರು ಮಾಡೋ ಉಪಕಾರ ಅದು. ಬಡವರ ಹತ್ರ ರೊಕ್ಕ ಕೀಳಲಾಕ ನಿಂತಾರ, ಉಳಿಸಿದ್ರ ಪುಣ್ಯ ಬರ್ತದ ಅಂತ ತಿಳಿದಿದ್ದೆ.

ಮಗಳು: ರಾಜಸ್ಥಾನದಾಗ ಒಂದು ಪ್ರಯೋಗ ಆಗ್ಯಾದ ಕಾಕಾ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅಂತ, 2019ರಾಗ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರು. ಜೊತಿಗಿ ಡೇನಿಯಲ್ ಕೆನಿಸ್ಟನ್ ಅನ್ನೋರು, ಮತ್ತ ನೀನಾ ಸಿಂಗ್ ಅಂತ ಅಲ್ಲಿನ ಪೊಲೀಸ್ ಅಧಿಕಾರಿ. ಆಮ್ಯಾಲ ಸಿಐಎಸ್‌ಎಫ್‌ಗಿ ಮುಖ್ಯಸ್ಥರಾದ ಮೊದಲ ಹೆಣ್ಮಗಳು ಅವರೇ. ಕುಡದು ಓಡ್ಸೋರನ್ನ ರಾತ್ರಿ ತಡದು ಪರೀಕ್ಷಾ ಮಾಡಿದ್ರ ಸಾವು ಕಡಿಮಿ ಆಗ್ತಾವಾ ಇಲ್ಲಾ ಅಂತ ನೋಡಬೇಕಿತ್ತು ಅವರಿಗಿ. ನೂರಕ್ಕಿಂತ ಹೆಚ್ಚು ಠಾಣಾಗಳನ್ನ ತಗೊಂಡು, ಎಲ್ಲಿ ಯಾವ ಥರ ಚೆಕಿಂಗ್ ಅನ್ನೋದನ್ನ ಚೀಟಿ ಎತ್ತಿದಂಗ ಹಂಚಿದ್ರು.

ಕಾಕಾ: ಚೀಟಿ ಯಾಕ? ಎಲ್ಲಿ ಭಾಳ ಮಂದಿ ಸಾಯ್ತಾರೋ ಅಲ್ಲೇ ನಿಂದ್ರಬೇಕಲ್ಲ?

ಮಗಳು: ಹಂಗ ನಿಂತ್ರ ಆಮ್ಯಾಲ ಲೆಕ್ಕ ಹತ್ತೋದಿಲ್ಲ. ಕೆಟ್ಟ ಜಾಗಾದಾಗೇ ನಿಂತು, 'ಚೆಕಿಂಗ್ ಇದ್ದಲ್ಲೇ ಹೆಚ್ಚು ಸತ್ತಾರ' ಅಂದ್ರ ಏನ್ ಅರ್ಥ? ಔಷಧಿ ಅಂಗಡಿ ಮುಂದ ಜಡ್ಡಿನೋರು ಹೆಚ್ಚು ಇರ್ತಾರ, ಅದಕ್ಕ ಔಷಧಿಯಿಂದೇ ಜಡ್ಡು ಬರ್ತದ ಅಂದಂಗ ಆಗ್ತದ. ಅದಕ್ಕೇ ಚೀಟಿ. ಕೆಲವು ಠಾಣಾದಾಗ ಏನೂ ಹೊಸಾದು ಮಾಡಲಿಲ್ಲ. ಕೆಲವು ಕಡಿ ಎಲ್ಲಕ್ಕಿಂತ ಚೊಲೋ ಅನ್ನೋ ಒಂದೇ ಜಾಗಾದಾಗ ನಿಂತ್ರು. ಇನ್ನ ಕೆಲವು ಕಡಿ ಮೂರು ಜಾಗಾ ಆರಿಸ್ಕೊಂಡು ಇವತ್ತಿಲ್ಲಿ, ನಾಳಿ ಅಲ್ಲಿ ಅಂತ ಬದಲಿ ಮಾಡಿದ್ರು.

ಕಾಕಾ: ಒಂದೇ ಜಾಗಾದ್ದು ಬಿತ್ತಾ?

ಮಗಳು: ಹೆಂಗ್ ಗೊತ್ತಾಯ್ತು ನಿಮಗ?

ಕಾಕಾ: ನಮ್ಮ ಟಿಕೆಟ್ ಚೆಕಿಂಗ್ ಜೀಪು ನೆನಪಾಯ್ತು. ಚೆಕಿಂಗ್ನೋರು ದಿನಾ ಒಂದೇ ಸ್ಟಾಪಿನಾಗ ಹತ್ತಿದ್ರ ಟಿಕೆಟ್ ಇಲ್ದವ ಅದಕ್ಕಿಂತ ಒಂದು ಸ್ಟಾಪ್ ಮೊದಲೇ ಇಳದಿರ್ತಾನ. ಅವರಿಗಿ ಒಬ್ಬನೂ ಸಿಗೋದಿಲ್ಲ, ಬಸ್ಸಿನ ರೊಕ್ಕನೂ ಬರೋದಿಲ್ಲ. ಎಲ್ಲೋ ಹೊಲದ ನಡುವ ಜೀಪು ಅಡ್ಡ ನಿಂತ್ರ? ಆವತ್ತು ಇಬ್ಬರು ಸಿಗಬಹುದು. ಆದ್ರ ಮುಂದ ಒಂದು ತಿಂಗಳು ಇಡೀ ರೂಟಿನ ಮಂದಿ ಕೈ ಮುಂದ ಮಾಡಿ ಟಿಕೆಟ್ ಕೇಳ್ತಾರ. 'ಎಲ್ಲಿ ಹತ್ತತಾರೋ ಏನೋ' ಅಂತ ಕಂಡಕ್ಟರಿಗೇ ಅಂತಾರ.

ಮಗಳು: ನೀವು ಹೇಳಿದ್ದನ್ನೇ ಅವರ ಲೆಕ್ಕ ಹೇಳ್ತದ. ಜಾಗಾ ಬದಲಿಸಿದ ಕಡಿ ರಾತ್ರಿ ಅಪಘಾತ ನೂರಕ್ಕ 17 ಕಡಿಮಿ ಆದ್ವು. ರಾತ್ರಿ ಸಾವು ನೂರಕ್ಕ 25. ಒಂದೇ ಕಡಿ ನಿಂತಲ್ಲಿ ಹೇಳಿಕೊಳ್ಳೋವಂಥ ಫರಕ್ ಏನೂ ಕಾಣಲಿಲ್ಲ.

ಕಾಕಾ: ಇಪ್ಪತ್ತೈದು. ನಾಕರಾಗ ಒಂದು ಜೀವ.

ಮಗಳು: ಹೌದು. ಪೊಲೀಸ್ರು ಅವರೇ, ಮಶೀನೂ ಅದೇ. ಜಾಗಾ ಒಂದೇ ಬದಲಿ. ಮುಖ್ಯ ರಸ್ತೆದಾಗ ನಿಂತಾರ ಅಂತ ಗೊತ್ತಾದ ಕೂಡಲೇ ಮಂದಿ ಅಡ್ಡದಾರಿ ಹಿಡೀತಾರ, ನಿಮ್ಮ ಆ ಎರಡು ಮೋಟರ್ ಸೈಕಲ್ ಹಂಗ. ಅಡ್ಡದಾರ್ಯಾಗೂ ಒಂದಿನ ನಿಂತ್ರ ತಪ್ಪಿಸ್ಕೊಳ್ಳಲಾಕ ದಾರಿ ಉಳಿಯೋದಿಲ್ಲ. ಆಗ ಮನುಷ್ಯಾ ಕುಡಿಯೋ ಮೊದಲೇ ಯೋಚನಿ ಮಾಡ್ತಾನ, ಇಲ್ಲಾ ಗಾಡಿ ಬಿಟ್ಟು ಹೋಗ್ತಾನ. ಅಭಿಯಾನ ನಿಂತ ಮ್ಯಾಲೂ ಕೆಲವು ದಿನ ಆ ಅಂಜಿಕಿ ಉಳೀತು, ಯಾಕಂದ್ರ ನಿಂತದ ಅಂತ ಯಾರಿಗೂ ಗೊತ್ತಿರಲಿಲ್ಲ.

ಕಾಕಾ: ಠಾಣಾದೋರಿಗಿ ಇದಕ್ಕ ಪುರಸೊತ್ತು ಎಲ್ಲಿ ಅದ? ಜಗಳ, ಕಳವು, ಬಂದೋಬಸ್ತ್, ಮಂತ್ರಿ ಬಂದ್ರ ಆ ಡ್ಯೂಟಿ.

ಮಗಳು: ಅದೂ ಕಂಡದ ಅದರಾಗ. ಠಾಣಾ ಸಿಬ್ಬಂದಿಗಿಂತ ಪೊಲೀಸ್ ಲೈನಿನಿಂದ ತೆಗದ ಬೇರೆ ತಂಡ ನೇಮದಿಂದ ನಿಂತಿತ್ತು. ಅವರ ಗಾಡಿಗಿ ಜಿಪಿಎಸ್ ಹಾಕಿದ್ರು, ಎಲ್ಲಿ ಅದಾರ ಅಂತ ಮ್ಯಾಲಿನೋರಿಗಿ ಕಾಣ್ತಿತ್ತು. ಕೆಲಸ ಅದೊಂದೇ. ನಮ್ಮ ಕಡಿನೂ ಹಂಗೇ ಒಂದು ಸಣ್ಣ ತಂಡ ಸಾಕು ಅನಸ್ತದ ನನಗ. ಒಂದಿನ ಮಹಾಗಾಂವ ಕ್ರಾಸ್, ಒಂದಿನ ಡೊಂಗರಗಾಂವ ಕ್ರಾಸ್, ಒಂದಿನ ಕಿಣ್ಣಿ ಸಡಕ್. ಯಾವತ್ತು ಎಲ್ಲಿ ಅಂತ ತಂಡದೋರಿಗೂ ಜೀಪು ಹತ್ತಿದ ಮ್ಯಾಲೇ ಗೊತ್ತಾಗಬೇಕು.

ಕಾಕಾ: ಲೈಟ್ ಇರೋ ಸರ್ಕಲ್ನಾಗ ನಿಂದ್ರೋದು ಸಲೀಸು ಅದವ್ವಾ. ಮಂದಿ ಸಾಯೋದು ಕತ್ತಲದಾಗ, ಎರಡು ಊರ ನಡುವ.

ಮಗಳು: ಇನ್ನೊಂದು ಅದ ಕಾಕಾ, ನನಗ ಭಾಳ ಕಾಡೋದು. ಎಷ್ಟು ಕೇಸ್ ಹಾಕಿದ್ರು, ಎಷ್ಟು ದಂಡ ಬಂತು ಅಂತ ಲೆಕ್ಕ ಹಾಕ್ತೀವಿ. ಚೆಕಿಂಗ್ ಖರೇನೇ ಕೆಲಸ ಮಾಡಿದ್ರ ಕೇಸ್ ಕಡಿಮಿ ಆಗಬೇಕಲ್ಲ? ಕುಡದು ಓಡ್ಸೋರೇ ಇಲ್ಲಂದ್ರ ಯಾರನ್ನ ಹಿಡೀತಾರ? ಖಾಲಿ ಕೈಲಿಂದ ತಿರುಗಿ ಬಂದ ಪೊಲೀಸಿನವ ಆ ರಾತ್ರಿ ಇಬ್ಬರನ್ನ ಉಳಿಸಿರಬಹುದು. ಅವನ ವಹಿಯಾಗ ಸೊನ್ನಿ ಇರ್ತದ, ಸಾಹೇಬ್ರ ಕಡಿಯಿಂದ ಬೈಸ್ಕೋತಾನ. ಒಂದೇ ಜಾಗಾದಾಗ ನಿಂತು ಹತ್ತು ಕೇಸ್ ಹಾಕಿದವನಿಗಿ ಶಭಾಶ್ ಅಂತಾರ. ಠಾಣಾ ಹದ್ದಿನಾಗ ರಾತ್ರಿ ಎಷ್ಟು ಮಂದಿ ಸತ್ತಾರ ಅನ್ನೋದೇ ಲೆಕ್ಕ ಆಗಬೇಕು.

ಕಾಕಾ: ಆ ಲೆಕ್ಕನೂ ನೆಟ್ಟಗ ಬರೀತಾರಾ?

ಮಗಳು: ಇಲ್ಲ. 2022ರಾಗ ದೇಶದಾಗ ರಸ್ತಿ ಮ್ಯಾಲ ಸತ್ತವರು 1,68,491. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ ಅದರಾಗ ಅತಿವೇಗದಿಂದ ನೂರಕ್ಕ 71. ಕುಡದು ಓಡಿಸಿದ್ದಕ್ಕ ಬರೇ ಎರಡೂವರಿ. ಆ ಎರಡೂವರಿ ಓದಿದವರು, 'ಇಷ್ಟಕ್ಕ ಇಷ್ಟು ಗದ್ದಲ ಯಾಕ' ಅಂತಾರ. ನಾ ನಂಬೋದಿಲ್ಲ ಅದನ್ನ. ಬೆಂಗಳೂರಿನ ನಿಮ್ಹಾನ್ಸ್‌ನಾಗ ಡಾ. ಜಿ. ಗುರುರಾಜ್ ಅವರ ತಂಡ ಆಸ್ಪತ್ರಿಗಿ ಬಂದ ಗಾಯಾಳುಗಳನ್ನೇ ನೋಡಿದಾಗ, ರಾತ್ರಿ ಅಪಘಾತದಾಗ ಕುಡದವರ ಪಾಲು ಪೊಲೀಸ್ ಕಾಗದದಾಗ ಇರೋದಕ್ಕಿಂತ ಭಾಳ ಹೆಚ್ಚು ಕಂಡದ.

ಕಾಕಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಆ ಎರಡೂವರಿ ಹ್ಯಾಂಗ ತಯಾರಾಗ್ತದ, ನಾ ಹೇಳ್ತೀನಿ ಕೇಳು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಬೀದರದಿಂದ ಕಲಬುರಗಿಗಿ ಕಡೀ ಬಸ್ಸು. ಕಿಣ್ಣಿ ಸಡಕ್ ಹತ್ರ ಲೈಟಿಗಿ ಏನೋ ಹೊಳೀತು. ಮೋಟರ್ ಸೈಕಲ್ಲಿನ ಹಿಂದಿನ ಗಾಲಿ. ಇನ್ನೂ ತಿರುಗಲಾಕತ್ತಿತ್ತು. ಬ್ರೇಕ್ ಮ್ಯಾಲ ನಿಂತೇ ಬಿಟ್ಟೆ. ಇಳದು ನೋಡಿದ್ರ ಹರೇದ ಹುಡುಗ, ಕಲ್ಲಿನ ಟ್ರಾಲಿ ಒಂದು ಕೆಟ್ಟು ನಿಂತಿತ್ತು, ಅದಕ್ಕ ಹಿಂದಿನಿಂದ ಹೊಡದಾನ. ಟ್ರಾಲಿಗಿ ಹಿಂದ ಕೆಂಪು ರೇಡಿಯಂ ಇರಲಿಲ್ಲ, ಅದೂ ಖರೆ. ಆಗ 108 ಇನ್ನೂ ಬಂದಿರಲಿಲ್ಲ. ಮಂದಿ ಸೇರಿ ಎತ್ತಿ ಬಸ್ಸಿನಾಗ ಹಾಕಿದ್ವಿ. ಕಂಡಕ್ಟರನ ತೊಡಿ ಮ್ಯಾಲ ತಲಿ. ರಕ್ತದ ವಾಸನಿ, ಶೆರೆ ವಾಸನಿ, ಎರಡೂ ಕೂಡಿ ಬಸ್ ತುಂಬಿತ್ತು. ಕಮಲಾಪುರ ದಾಟಿದ್ವಿ. ಮಹಾಗಾಂವ ಬರೋದ್ರಾಗ ಕಂಡಕ್ಟರ್ ನನ್ನ ಹೆಗಲು ಮುಟ್ಟಿ, 'ಇನ್ನ ಜೋರು ಹೊಡಿಯೋದು ಬ್ಯಾಡ' ಅಂದ.

ಮಗಳು: ಇದನ್ನ ಯಾವತ್ತೂ ಹೇಳಿಲ್ಲ ನೀವು.

ಕಾಕಾ: ಹೇಳಿಕೊಳ್ಳೋ ಮಾತಾ ಅದು? ಮರುದಿನ ಹೇಳಿಕಿ ಕೊಡಲಾಕ ಹೋದೆ. ಹೊರಗ ಅವನ ದೊಡ್ಡಪ್ಪ ಕೈ ಹಿಡದ. 'ಡ್ರೈವರ್ ಸಾಹೇಬ್ರ, ವಾಸನಿ ಮಾತು ಬರಸಬ್ಯಾಡ್ರಿ. ಹೆಂಡತಿ ಬಸುರಿ ಅದಾಳ. ವಿಮಾ ಬರೋದಿಲ್ಲ.' ನಾ ಬರಸಲಿಲ್ಲ. ಕಾಗದದಾಗ ಏನ್ ಬಂತು? 'ಅತಿವೇಗ ಮತ್ತು ನಿಷ್ಕಾಳಜಿತನದಿಂದ.' ಅದೇ ಅಕ್ಷರ, ಎಲ್ಲಾ ಕೇಸಿಗೂ ಅದೇ. ನಿನ್ನ ಎಪ್ಪತ್ತೊಂದರಾಗ ಹೋಯ್ತು ಅವನ ಸಾವು.

ಮಗಳು: ನಾ ನಿಮ್ಮ ಜಾಗಾದಾಗ ಇದ್ರ ನಾನೂ ಬರಸ್ತಿರಲಿಲ್ಲ ಕಾಕಾ. ಮಾಲೀಕನೇ ಓಡ್ಸಿ ಸತ್ರ 15 ಲಕ್ಷದ ವೈಯಕ್ತಿಕ ವಿಮಾ ಈಗ ಅದ, ಕುಡದಿದ್ದ ಅಂತ ಗೊತ್ತಾದ್ರ ಅದು ಸಿಗೋದಿಲ್ಲ. ಯಾವ ಮನಿಯವರು ಖರೆ ಹೇಳ್ತಾರ? ಸತ್ತವನ ಮನಿ ಬೀಳಬಾರದು ಅಂತ ಎಲ್ಲಾರೂ ಬಾಯಿ ಮುಚ್ಚತೀವಿ. ಮುಂದ ಸಾಯೋವನ ಹೆಸರು ನಮಗ ಗೊತ್ತಿರೋದಿಲ್ಲ.

ಕಾಕಾ: ಹಂಗಂತ ಎಲ್ಲಾನೂ ಶೆರೆ ತಲಿಗಿ ಕಟ್ಟಬ್ಯಾಡ. 2022ರ ಜೂನ್ 3, ಮುಂಜಾನಿ, ಇಲ್ಲೇ ನಮ್ಮೂರ ಹತ್ರ. ಗೋವಾದಿಂದ ಹೈದರಾಬಾದಿಗಿ ಹೊಂಟ ಖಾಸಗಿ ಬಸ್ಸು ಸರಕಿನ ಗಾಡಿಗಿ ಹೊಡದು ಸೇತುವಿಯಿಂದ ಕೆಳಗ ಬಿದ್ದು ಹೊತ್ತಿ ಉರೀತು. ಏಳು ಮಂದಿಗಿ ಕಡಿಮಿ ಇಲ್ದಂಗ ಸುಟ್ಟುಹೋದ್ರು, ಹುಟ್ಟಿದ ಹಬ್ಬ ಮಾಡಿ ತಿರುಗಿ ಹೊಂಟವರು. ನಾ ಹೋಗಿ ನೋಡಿದೆ. ಸೀಟಿನ ಕಬ್ಬಿಣ ಒಂದೇ ಉಳಿದಿತ್ತು. ರಾತ್ರಿ ಚೆಕಿಂಗ್ ಹಾಕಿದ್ರ ಅವರು ಉಳೀತಿದ್ರಾ?

ಮಗಳು: ಇಲ್ಲ. ಅಲ್ಲಿ ಕುಡದವರ ಮಾತೇ ಬಂದಿಲ್ಲ. ಆ ಸಾವು ಬ್ಯಾರೆ ಪ್ರಶ್ನಿ ಕೇಳ್ತಾವ: ರಾತ್ರಿಯೆಲ್ಲಾ ಓಡ್ಸೋ ಡ್ರೈವರ್ ನಿದ್ದಿ, ಕಿರಿದಾದ ಸೇತುವಿ, ಬಸ್ಸಿನಿಂದ ಹೊರಗ ಬೀಳಲಾಕ ಬಾಗಿಲು. ಊದೋ ಮಶೀನ್ ಎಲ್ಲಾದಕ್ಕೂ ಮದ್ದಲ್ಲ. ಆದ್ರ 2025ರ ಅಕ್ಟೋಬರ್ 24 ನೋಡ್ರಿ, ಕರ್ನೂಲ್ ಹತ್ರ ಚಿನ್ನಟೇಕೂರು. ಒಬ್ಬ ಹುಡುಗ ಕುಡದು ಮೋಟರ್ ಸೈಕಲ್ ಓಡ್ಸಿ ತಾನೇ ಬಿದ್ದು ಸತ್ತ. ಗಾಡಿ ಸಡಕಿನ ಮ್ಯಾಲೇ ಉಳೀತು. ಹೈದರಾಬಾದಿಂದ ಬೆಂಗಳೂರಿಗಿ ಹೊಂಟ ಬಸ್ಸು ಅದರ ಮ್ಯಾಲ ಹಾದು, ಎಳಕೊಂಡು ಹೋಗಿ, ಬೆಂಕಿ ಹತ್ತಿ, ಮಲಗಿದ್ದ 19 ಪ್ರಯಾಣಿಕರು ಹೋದ್ರು. ಅವನು ಕುಡಿಯೋವಾಗ ಆ 19 ಮಂದಿ ಹೈದರಾಬಾದಿನಾಗ ಇನ್ನೂ ಬಸ್ ಹತ್ತಿರಲಿಕ್ಕಿಲ್ಲ.

ಕಾಕಾ: ನಾ ಕಿಣ್ಣಿ ಸಡಕದಾಗ ಬ್ರೇಕ್ ಒತ್ತಿದ್ದು ಅರ್ಧ ಸೆಕೆಂಡ್ ತಡ ಆಗಿದ್ರ?

ಮಗಳು: ಎಷ್ಟು ಸ್ಪೀಡ್ ಇತ್ತು?

ಕಾಕಾ: ಎಂಬತ್ತರ ಹತ್ರ ಇದ್ದಿರಬೇಕು. ಖಾಲಿ ರಸ್ತಿ.

ಮಗಳು: ಎಂಬತ್ತಂದ್ರ ಸೆಕೆಂಡಿಗಿ 22 ಮೀಟರ್. ಅರ್ಧ ಸೆಕೆಂಡಿಗಿ 11.

ಕಾಕಾ: ಒಂದು ಬಸ್ಸಿನ ಉದ್ದ. ಶೆರೆ ಕಸಗೊಳ್ಳೋದು ಆ ಒಂದು ಬಸ್ಸಿನ ಉದ್ದನೇ. ಕುಡದವ ಏನಂತಾನ? 'ನನಗೇನೂ ಆಗಿಲ್ಲ, ಹ್ಯಾಂಡಲ್ ಬರೊಬ್ಬರಿ ಹಿಡದೀನಿ' ಅಂತಾನ. ಹ್ಯಾಂಡಲ್ ಬರೊಬ್ಬರಿ ಇರ್ತದ. ಬ್ರೇಕಿಗಿ ಕಾಲು ತಡ ಬರ್ತದ.

ಮಗಳು: ಅದಕ್ಕೇ ಕಾನೂನಿನಾಗ 100 ಮಿಲಿ ರಕ್ತಕ್ಕ 30 ಮಿಲಿಗ್ರಾಂ ದಾಟಬಾರದು ಅಂತ ಅದ. ಮೋಟಾರು ವಾಹನ ಕಾಯ್ದೆ 185ನೇ ಕಲಂ. ಮೊದಲ ಸಲ 10,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. 2019ರ ಸೆಪ್ಟೆಂಬರ್ ಮೊದಲು ದಂಡ 2,000ದ ತನಕ ಇತ್ತು.

ಕಾಕಾ: ಹತ್ತು ಸಾವಿರ ಅಂದ್ರ ಕೂಲಿಯವನ ತಿಂಗಳ ದುಡಿಮಿ. ಕಾರಿನವ ಗ್ಲಾಸ್ ಇಳಿಸೋ ಮೊದಲೇ ಎಲ್ಲಿಗೋ ಫೋನ್ ಹಚ್ಚತಾನ. ಸಿಗೋದು ಬರೇ ಮೋಟರ್ ಸೈಕಲ್ಲಿನವ. ಇದು ನ್ಯಾಯನಾ?

ಮಗಳು: ಅಲ್ಲ. ಕಾರು ಬಿಟ್ಟು ಮೋಟರ್ ಸೈಕಲ್ ಹಿಡಿಯೋ ಚೆಕಿಂಗ್ ನನಗೂ ಬ್ಯಾಡ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಾಗ 1982ರ ಡಿಸೆಂಬರ್ 17ಕ್ಕ ಊದಿಸೋ ಚೆಕಿಂಗ್ ಶುರು ಮಾಡಿದಾಗ ಯಾವ ಗಾಡಿ ಬೇಕಾದ್ರೂ ತಡೀಬಹುದು, ಯಾರೇ ಇದ್ರೂ ಊದಬೇಕು ಅಂತ ಮಾಡಿದ್ರು. ಮುಂದಿನ ವರ್ಷನೇ ರಸ್ತಿ ಸಾವು ಸುಮಾರು ಐದನೇ ಒಂದು ಪಾಲು ಇಳೀತು. ನಮ್ಮ 203ನೇ ಕಲಂನಾಗ ಪೊಲೀಸರಿಗಿ ಸಂಶಯ ಪಡಲಾಕ ಸರಿಯಾದ ಕಾರಣ ಇರಬೇಕು ಅಂತದ. ಸಂಶಯ ಯಾರ ಮ್ಯಾಲ ಬೀಳ್ತದ? ಹರಕ ಅಂಗಿ ಮ್ಯಾಲ ಜಲ್ದಿ ಬೀಳ್ತದ. ಎಲ್ಲಾರೂ ಊದೋದೇ ಬಡವನಿಗಿ ಹೆಚ್ಚು ನ್ಯಾಯ. ದಂಡ ದೊಡ್ಡದು ಮಾಡೋದಕ್ಕಿಂತ ಸಿಕ್ಕೇ ಸಿಗತೀನಿ ಅನ್ನೋದು ದೊಡ್ಡದಾಗಬೇಕು.

ಕಾಕಾ: ಸಿಕ್ಕ ಮ್ಯಾಲ? ರಾತ್ರಿ ಹನ್ನೊಂದಕ್ಕ ಗಾಡಿ ಕಸಗೊಂಡು 'ಹೋಗು' ಅಂದ್ರ ಕತ್ತಲದಾಗ ಹೆದ್ದಾರಿ ದಂಡಿಗಿ ತೂರಾಡ್ಕೋತ ನಡೀತಾನ. ಲಾರಿಯವನಿಗಿ ಕಾಣೋದಿಲ್ಲ. ಇನ್ನ ಕೆಲವು ಕಡಿ, ಕೈಯಾಗ ಏನೋ ಇಟ್ಟು ಕೀಲಿ ತಿರುಗಿ ಇಸಗೊಂಡು ಹೋಗೋದೂ ನೋಡೀನಿ. ಅದಕ್ಕಿಂತ ತಡೀದೇ ಇರೋದು ಚೊಲೋ.

ಮಗಳು: ಈ ಕೇಸಿಗಿ ರಸ್ತಿ ಮ್ಯಾಲ ರೊಕ್ಕ ತಗೊಳ್ಳೋ ಹಂಗೇ ಇಲ್ಲ ಕಾಕಾ, ಕೋರ್ಟಿಗೇ ಹೋಗಬೇಕು. ಕೀಲಿ ಕೊಡೋದಾದ್ರ ಕುಡೀದವ ಒಬ್ಬ ಬಂದ ಮ್ಯಾಲೇ ಕೊಡಬೇಕು. ಮನಿಯವರಿಗಿ ಫೋನ್ ಹಚ್ಚಿಸಿ, ಅವರು ಬರೋ ತನಕ ಕೂಡಿಸಿದ್ರ ಸಾಕು. ದಂಡಕ್ಕಿಂತ ಅಪ್ಪ ಬಂದು ಕರಕೊಂಡು ಹೋಗೋದೇ ಭಾಳ ಮಂದಿಗಿ ಹೆಚ್ಚು ತಾಕ್ತದ.

ಕಾಕಾ: ಸೇಂದಿ ಕುಡದವ ನಿನ್ನ ಮಶೀನಿಗಿ ಸಿಗ್ತಾನೇನು? ಕಳ್ಳತನದಿಂದ ಮಾರೋ ಸೇಂದ್ಯಾಗ ಈಗ ಈಚಲ ಹಾಲು ಎಲ್ಲಿ ಅದ? ಸಿಎಚ್ ಪೌಡರ್ ಅಂತ ನಿಶೆ ಬರಸೋ ಪುಡಿ ಕಲಸಿದ ನೀರು.

ಮಗಳು: ಆ ಪೌಡರ್ ಈ ಮಶೀನಿಗಿ ಸಿಗೋದಿಲ್ಲ. ರಕ್ತ ಪರೀಕ್ಷಾಕ್ಕ ಕಳಿಸಬೇಕು. ಮಶೀನ್ ಸೊನ್ನಿ ತೋರಿಸಿದ್ರೂ ನಿಂತಲ್ಲಿ ನಿಲ್ಲಲಾಕ ಆಗದವನನ್ನ ಬಿಡಬಾರದು ಅನ್ನೋ ಬುದ್ಧಿ ತಡದವನಿಗಿ ಇರಬೇಕು.

ಕಾಕಾ: ಹೆದ್ದಾರಿ ಮ್ಯಾಲಿನ ಶೆರೆ ಅಂಗಡಿ ತೆಗಸ್ತೀವಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ?

ಮಗಳು: 2016ರ ಡಿಸೆಂಬರಿನಾಗ. 500 ಮೀಟರ್ ಒಳಗ ಇರಬಾರದು ಅಂತ. ಆಮ್ಯಾಲ ಸಣ್ಣ ಊರಿಗಿ 220 ಮೀಟರ್ ಆಯ್ತು, ನಗರಸಭಾ ಹದ್ದಿಗಿ ಬಿಡುವು ಬಂತು. ಕುಡೀಬೇಕು ಅನ್ನೋನಿಗಿ 220 ಮೀಟರ್ ಅಂದ್ರ ಎಷ್ಟು ಕಾಕಾ?

ಕಾಕಾ: ಒಂದು ಬೀಡಿ ಸೇದೋದ್ರಾಗ ಮುಟ್ಟತಾನ. (ಫೋನ್ ಸದ್ದು. ತೆರೆಯನ್ನು ನೋಡುತ್ತಾರೆ.) ಹಿರಿ ಮಗ.

ಮಗಳು: ಅಣ್ಣ ಎಲ್ಲಿ ಹೋಗ್ಯಾನ?

ಕಾಕಾ: ಹುಮನಾಬಾದ್ ಕಡಿ ಧಾಬಾಕ್ಕ, ಗೆಳೆಯಾಂದು ಏನೋ ಪಾರ್ಟಿ. (ಫೋನಿನಲ್ಲಿ) ಹಾಂ, ಹೇಳಪ್ಪಾ... ಊಟ ಆಯ್ತಾ?... ಏನಂದಿ?

ಮಗಳು: ಏನಂತಾನ?

ಕಾಕಾ: (ಫೋನಿಗೆ ಕೈ ಅಡ್ಡ ಹಿಡಿದು) 'ಅಪ್ಪಾ, ಕಿಣ್ಣಿ ಸಡಕದಾಗ ಚೆಕಿಂಗ್ ಅದ ಏನು, ಯಾರನ್ನರೆ ಕೇಳಿ ಹೇಳು' ಅಂತಾನ. ಮೊದಲೂ ಎರಡು ಮೂರು ಸಲ ಕೇಳ್ಯಾನ. ನಾ ಕೇಳಿ ಹೇಳೀನಿ ಅವ್ವಾ. ಪ್ರತಿ ಸಲ ಹೇಳೀನಿ.

ಮಗಳು: ಈಗ?

ಕಾಕಾ: (ಫೋನಿನಲ್ಲಿ) ಇಲ್ಲಪ್ಪಾ, ನನಗ ಗೊತ್ತಿಲ್ಲ... ಯಾರನ್ನೂ ಕೇಳೋದಿಲ್ಲ. ಎಲ್ಲಿ ಬೇಕಾದ್ರೂ ನಿಂತಿರಬಹುದು... ಬೈಯಲಾಕತ್ತಿಲ್ಲೋ. ಎಷ್ಟು ಕುಡದಿ?... ಸ್ವಲ್ಪ ಅಂದ್ರೂ ಅಲ್ಲೇ ಕುಂದ್ರು. ಗಾಡಿ ಕೀಲಿ ಧಾಬಾದವನ ಕೈಯಾಗ ಕೊಡು. ನಾ ಬರ್ತೀನಿ.

ಮಗಳು: ಸ್ಕೂಟಿ ಮ್ಯಾಲ ಇಬ್ಬರು ಬರಬಹುದು. ಅವನ ಗಾಡಿ ಯಾರು ತರ್ತಾರ?

ಕಾಕಾ: ನಾಳಿ ತಂದ್ರಾಯ್ತು.

ಮಗಳು: ಬ್ಯಾಡ, ನಾನೂ ಬರ್ತೀನಿ. ಅವನ ಗಾಡಿ ನಾ ಹೊಡೀತೀನಿ. ಹೆಲ್ಮೆಟ್ ಇನ್ನೊಂದು ಎಲ್ಲಿ ಅದ ಕಾಕಾ?